ಹೊಟ್ಟಿನ ಬುಟ್ಟಿ, ಸುಣ್ಣದ ಗೆರೆ, ಒಂದು ಲಿಂಬೆಹಣ್ಣು

ಮನುಷ್ಯ ಅಂದಮೇಲೆ ಏನಾದರೂ ಚೆಲ್ಲುತ್ತಲೇ ಇರುತ್ತಾನೆ. ಬಡವರೂ ಚೆಲ್ಲುತ್ತಾರೆ, ಸಾಹೇಬರೂ ಚೆಲ್ಲುತ್ತಾರೆ. ಒರೆಸುವವರು ಮಾತ್ರ ಊರಿಗೆ ಇಬ್ಬರೋ ಮೂವರೋ. ಅವರಲ್ಲಿ ನಾನೊಬ್ಬ. ದಾಂಡೇಲಿಯಲ್ಲಿ ಕಟ್ಟಿಗೆ ಕೊಯ್ಯುವ ಒಂದು ಸರಕಾರಿ ಕಾರಖಾನೆಯ ದವಾಖಾನೆಯಲ್ಲಿ ಡ್ರೆಸ್ಸರ್ ಆಗಿ ಆಯುಷ್ಯ ಕಳೆದವ. ಡ್ರೆಸ್ಸರ್ ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವ. ಪಟ್ಟಿ ಕಟ್ಟುವುದು ಐದು ನಿಮಿಷದ ಕೆಲಸ. ಆಮೇಲೆ ನೆಲದ ಮೇಲೆ ಬಿದ್ದ ರಕ್ತ, ವಾಂತಿ, ಇನ್ನೊಂದು, ಮತ್ತೊಂದು ತೆಗೆಯುವುದಿದೆಯಲ್ಲ, ಅದು ಅರ್ಧ ದಿನದ ಕೆಲಸ. ಈ ಮಾತು ತೆಗೆದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ ಬಿಡ್ರಿ. ಆ ಕೆಲಸ ನನಗೆ ಅನ್ನ ಕೊಟ್ಟಿತು, ಹೆಂಡತಿಯನ್ನು ಕೊಟ್ಟಿತು, ಮುಪ್ಪಿನಲ್ಲಿ ಕೂತು ನಗುವುದಕ್ಕೆ ಇಷ್ಟು ಸಂಗತಿ ಕೊಟ್ಟಿತು. ಎಲ್ಲಕ್ಕಿಂತ ಮೊದಲು ಖಾಲಾನನ್ನು ಕೊಟ್ಟಿತು. ಆಕೆಯ ಋಣ ನಾನು ಏಳು ಜನ್ಮ ಎತ್ತಿ ಬಂದರೂ ತೀರುವಂಥದಲ್ಲ.

ಪೇಶಂಟ್ ಯಾರು?

ದೊಡ್ಡ ಲಡಾಯಿ ನಡೆದಿದ್ದ ಕಾಲ. ನಾನು ಹಳಿಯಾಳ ಸೀಮೆಯ ಒಕ್ಕಲು ಮನೆಯವ. ಅಳ್ನಾವರದಲ್ಲಿ ರೈಲು ಹತ್ತಿ ದಾಂಡೇಲಿಯಲ್ಲಿ ಇಳಿದಾಗ ಕೈಯಲ್ಲಿ ಒಂದು ಟ್ರಂಕು, ಹಣೆ ತುಂಬ ವಿಭೂತಿ. ಡಾಕ್ಟರು ಮೇಲಿಂದ ಕೆಳಗೆ ನೋಡಿ, "ಆರು ತಿಂಗಳು ನೋಡ್ತೇನಿ. ಕೆಲಸ ಬಂತಂದ್ರ ಕಾಯಂ. ಬರಲಿಲ್ಲಂದ್ರ ಬಂದ ರೈಲಿಗೇ ವಾಪಸ್" ಅಂದರು. "ಆಗ್ಲಿರಿ" ಅಂದೆ. ರಕ್ತ ಕಂಡರೆ ನನಗೆ ತಲೆ ತಿರುಗುತ್ತದೆ ಅನ್ನುವುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಟ್ರಂಕು ಇಟ್ಟು ಇನ್ನೂ ನೀರು ಕುಡಿದಿರಲಿಲ್ಲ, ಒಬ್ಬ ಆಳು ಕುಂಟುತ್ತಾ ಬಂದ. ಬಾಚಿ ತಗಲಿ ಪಾದ ಸೀಳಿತ್ತು. ಅವ ಕಾಲೆತ್ತಿ ಬೆಂಚಿನ ಮೇಲೆ ಇಟ್ಟ. ನಾನು ಒಂದು ಸಲ ನೋಡಿದೆ, ಅಷ್ಟೇ. ಕಣ್ಣು ಕತ್ತಲೆ ಬಂತು, ಬೆಳಿಗ್ಗೆ ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿ ಪಲ್ಲೆ ಎಲ್ಲಾ ನೆಲದ ಮೇಲೆ ಬಂತು, ಅದರ ಪಕ್ಕದಲ್ಲೇ ನಾನೂ ಬಿದ್ದೆ.

ಎಚ್ಚರಾದಾಗ ಆ ಗಾಯದವನೇ ಒಂಟಿಗಾಲಲ್ಲಿ ನಿಂತು ನನ್ನ ಮುಖಕ್ಕೆ ನೀರು ಹೊಡೆಯುತ್ತಿದ್ದ. ಡಾಕ್ಟರು ಬಾಗಿಲಲ್ಲಿ ನಿಂತು, "ಇದರಾಗ ಪೇಶಂಟ್ ಯಾರು?" ಅಂದರು. ಆಳು ಕೈಮುಗಿದು, "ಮೊದಲ ಇವರನ್ನ ನೋಡ್ರಿ ಸಾಹೇಬರ. ಪಾಪ, ದೂರದಿಂದ ಬಂದಾರ. ನಂದು ಹಗೂರಕ ಆಗ್ಲಿ" ಅಂದ.

ಖಾಲಾನ ಪಾಠ

ಆ ನೆಲ ಒರೆಸಿದ್ದು ಖಾಲಾ. ಹಳಿಯಾಳದ ಮುಸಲ್ಮಾನರ ಓಣಿಯಾಕೆ. ಗಂಡ ಗರಗಸಕ್ಕೆ ಹಲ್ಲು ಹಾಕುವ ಮಿಸ್ತ್ರಿಯಾಗಿದ್ದ. ಅವ ತೀರಿದ ಮೇಲೆ ಈಕೆ ದವಾಖಾನೆಯ ನೆಲಕ್ಕೆ ಬಂದಳು. ಡಾಕ್ಟರಿಂದ ಹಿಡಿದು ಲಾರಿಯವರ ತನಕ ಎಲ್ಲರಿಗೂ ಖಾಲಾ. ಅಂದರೆ ಚಿಕ್ಕವ್ವ.

ಸೊಂಟದ ಮೇಲೆ ಕೈಯಿಟ್ಟು ನೆಲ ನೋಡಿದಳು, ನನ್ನ ನೋಡಿದಳು. "ಬೇಟಾ, ಒಂದ ಒರಸೂದಿತ್ತು. ನೀ ಎರಡ ಮಾಡಿದಿ" ಅಂದಳು.

ನಾಚಿಕೆಯಿಂದ ನಾನು ಟ್ರಂಕು ಎತ್ತಿದೆ. ಆಕೆ ಅದನ್ನು ಕಾಲಿನಿಂದಲೇ ಹಿಂದೆ ನೂಕಿದಳು. "ಎಲ್ಲಿಗೆ ಹೊಂಟಿ? ರಕ್ತ ನೋಡಿದ್ರ ಹೊಟ್ಟಿ ತಿರವತೈತಿ, ಹೌದಲ್ಲೋ? ಹಂಗಾರ ನೋಡಬ್ಯಾಡ. ಮೊದಲ ಅದರ ಮ್ಯಾಲ ಕಟ್ಟಿಗಿ ಹೊಟ್ಟು ಹಾಕು. ಕಣ್ಣಿಗೆ ಕಾಣೂದ ಇಲ್ಲಾಂದ್ರ ಹೊಟ್ಟಿಗೆ ಹೆಂಗ ತಿಳೀತೈತಿ?"

ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಜಿಲ್ಲೆಯ ದೊಡ್ಡ ಡಾಕ್ಟರ ಸಾಹೇಬರು ಕಾರವಾರದಿಂದ ಕಳಿಸಿದ ನಿಯಮ. ಬಿದ್ದದ್ದರ ಸುತ್ತ ಗೆರೆ ಎಳೆದು ಯಾರೂ ದಾಟದಂತೆ ನೋಡಬೇಕು. ಮೇಲೆ ಒಣ ಹೊಟ್ಟು ಸುರಿದು, ಔಷಧದ ನೀರು ಹಾಕಿ, ಕಾಲು ತಾಸು ಹಾಗೇ ಬಿಡಬೇಕು. ಬರಿಗೈ ಹಚ್ಚಬಾರದು. ಹೊರಗಿನಿಂದ ಒಳಗೆ ಬಳಿದು, ಒಯ್ದು ಸುಟ್ಟು, ಮೊಳಕೈ ತನಕ ಸಾಬೂನು ಹಚ್ಚಿ ತೊಳೆದುಕೊಳ್ಳಬೇಕು. ಖಾಲಾಗೆ ಓದು ಬರುತ್ತಿರಲಿಲ್ಲ, ಆದರೆ ಅದನ್ನು ಅಕ್ಷರ ತಪ್ಪದೆ ಮಾಡುತ್ತಿದ್ದಳು. ನಾನು ಓದು ಬಂದವ, ಬಾಯಿಪಾಠ ಮಾಡಿದ್ದೆ, ಮಾಡಲು ಬರುತ್ತಿರಲಿಲ್ಲ. ನಮ್ಮ ಕಾರಖಾನೆಯಲ್ಲಿ ಹೊಟ್ಟಿಗೇನು ಬರವಿಲ್ಲ. ಸಾಗವಾನಿ ಕೊಯ್ದ ಹೊಟ್ಟು ಗುಡ್ಡೆ ಗುಡ್ಡೆ ಬಿದ್ದಿರುತ್ತಿತ್ತು. ಖಾಲಾ ಅದನ್ನು ರವೆ ಸಾಣಿಸಿದ ಹಾಗೆ ಸಾಣಿಸಿ ಬುಟ್ಟಿ ತುಂಬಿ ಇಡುತ್ತಿದ್ದಳು.

ಇಷ್ಟಾದರೂ ವಾಸನೆಗೆ ಹೊಟ್ಟೆ ತೊಳೆಸುತ್ತಿತ್ತು. ಅದಕ್ಕೆ ಒಂದು ಲಿಂಬೆಹಣ್ಣು ತಂದು ನನ್ನ ಅಂಗಿಯ ಕಿಸೆಗೆ ಹಾಕಿದಳು. "ತಿರವಿ ಬಂದಾಗ ಇದನ್ನ ಮೂಸು. ಡಾಕ್ಟರಿಗೆ ಹೇಳಬ್ಯಾಡ."

ಅವತ್ತಿನಿಂದ ಗಾಯ ಬಂದಾಗಲೆಲ್ಲ ನಾನು ಮೊದಲು ಲಿಂಬೆಹಣ್ಣು ಮೂಸುವುದು, ಆಮೇಲೆ ಗಾಯ ನೋಡುವುದು. ಒಬ್ಬ ಮುದುಕ ನನ್ನನ್ನೇ ದಿಟ್ಟಿಸಿ, "ತಮ್ಮಾ, ಗಾಯ ನನ್ನ ಕಾಲಾಗೈತಿ, ನಿನ್ನ ಕಿಸೇದಾಗಲ್ಲ" ಅಂದಿದ್ದ.

ಆನೆಯ ಲೆಕ್ಕ

ಕಾಗದದಲ್ಲಿ ಇನ್ನೊಂದು ಮಾತಿತ್ತು: ಬಿದ್ದದ್ದರ ಎರಡು ಪಟ್ಟು ಹೊಟ್ಟು ಹಾಕಬೇಕು. ಕಾಯಂ ಆಗುವ ಆಸೆಗೆ ನಾನು ನಿಯಮವನ್ನು ವೇದ ಮಾಡಿಕೊಂಡುಬಿಟ್ಟಿದ್ದೆ.

ಒಂದು ದಿನ ಕುಳಗಿ ಕಡೆಯ ಕಾಡಿನಿಂದ ದಿಮ್ಮಿ ಎಳೆದು ತಂದ ಆನೆ ದವಾಖಾನೆಯ ಬಾಗಿಲ ಮುಂದೆಯೇ ನಿಂತು ನಿಶ್ಚಿಂತೆಯಿಂದ ಮೂತ್ರ ಮಾಡಿತು. ನಾನು ಹೊಟ್ಟು ತಂದೆ. ಒಂದು ಬುಟ್ಟಿ, ನಾಲ್ಕು ಬುಟ್ಟಿ, ಹತ್ತು ಬುಟ್ಟಿ. ಸಾಲದೆ ಒಂದು ಚಕ್ಕಡಿ ತರಿಸಿದೆ. ಬೆವರು ಸುರಿಸುತ್ತಾ ಎರಡು ಪಟ್ಟಿನ ಲೆಕ್ಕ ತುಂಬಿಸುವಷ್ಟರಲ್ಲಿ ಬಾಗಿಲು ಅರ್ಧ ಮುಚ್ಚಿ, ಒಳಗಿದ್ದ ಡಾಕ್ಟರು ಹೊರಗೆ ಬರುವ ಹಾಗೆಯೇ ಇರಲಿಲ್ಲ.

ಕಿಟಕಿಯಿಂದ ಮುಖ ಹಾಕಿ, "ಏನ್ ನಡಿಸೀರಿ ಇದು?" ಅಂದರು. "ನಿಯಮದ ಪ್ರಕಾರ ರೀ" ಅಂದೆ. ಮಾವುತ ನಡುವೆ ಬಾಯಿ ಹಾಕಿದ. "ಲಗೂ ಮುಗಸ್ರಿ ಅಣ್ಣಾವ್ರ. ಇದು ಈಗಷ್ಟೇ ಹೊಳಿಗೆ ಹೋಗಿ ಮತ್ತ ನೀರು ಕುಡದ ಬಂದೈತಿ."

ಹೆಣ್ಣು ನೋಡಲು ಹೋದದ್ದು

ಮುಂಡಗೋಡ ಕಡೆಯ ಒಂದು ವ್ಯಾಪಾರದ ಮನೆತನ. ಅಪ್ಪ, ಅವ್ವ, ನಾನು ಹೋದೆವು. ನಾನು ಚಹಾಕ್ಕೆ ಮುಂಚೆ ಮೊಳಕೈ ತನಕ ಕೈ ತೊಳೆದೆ, ಅವಲಕ್ಕಿಗೆ ಮುಂಚೆ ತೊಳೆದೆ, ಆಮೇಲೂ ತೊಳೆದೆ. ಹುಡುಗಿಯ ಅಪ್ಪ ಸಂತೋಷಪಟ್ಟು, "ಭಾಳ ಆಚಾರವಂತ ಹುಡುಗ" ಅಂದರು. ನಾನು ತಲೆ ಬಗ್ಗಿಸಿ ಕೂತೆ. ಏನು ಕೆಲಸ ಅಂತ ಕೇಳಿದಾಗ ನಮ್ಮಪ್ಪ "ದವಾಖಾನ್ಯಾಗ ದೊಡ್ಡ ಕೆಲಸ" ಅಂದಿದ್ದ, ಅಷ್ಟಕ್ಕೇ ನಿಲ್ಲಿಸಿದ್ದ.

ಅಷ್ಟರಲ್ಲಿ ಆ ಮನೆಯ ಒಂದು ಕೂಸು, ಬೀಗರ ಗದ್ದಲದಲ್ಲಿ ಯಾರೂ ನೋಡದಂತೆ ಡಬ್ಬಿಯ ಉಂಡಿಯನ್ನೆಲ್ಲ ತಿಂದಿತ್ತಂತೆ. ಜಮಖಾನೆಯ ನಡುವೆ ಬಂದು ನಿಂತು ಎಲ್ಲಾ ಕಾರಿಕೊಂಡಿತು. "ಅಯ್ಯಯ್ಯ!" ಅಂತ ಎಲ್ಲರೂ ಕಾಲೆತ್ತಿಕೊಂಡು ಗೋಡೆಗೆ ಸರಿದರು.

ನನ್ನ ಕೈ ನನ್ನ ಮಾತು ಕೇಳಲಿಲ್ಲ. ಎದ್ದವನೇ ಅಡಿಗೆಮನೆಗೆ ನುಗ್ಗಿ ಒಲೆಯ ಬೂದಿ ತಂದು ಸುರಿದೆ, ಬೂದಿಯಿಂದಲೇ ಸುತ್ತ ಗೆರೆ ಎಳೆದೆ. "ಯಾರೂ ದಾಟಬ್ಯಾಡ್ರಿ! ಕಾಲು ತಾಸು!" ಅಂತ ಒದರಿದೆ. ಮಾವನಾಗಬೇಕಾದವರು ಪಂಚೆ ಹಿಡಿದುಕೊಂಡು ನಿಂತಲ್ಲೇ ನಿಂತರು. ಹರಕು ಅರಿವೆಯಲ್ಲಿ ಹೊರಗಿನಿಂದ ಒಳಗೆ ಬಳಿದು ಹಿತ್ತಲಿಗೆ ಒಯ್ದು ಸುಟ್ಟುಬಂದೆ. ಅವ್ವ ಸೆರಗು ಬಾಯಿಗೆ ಹಿಡಿದಿದ್ದಳು. ಮುಗಿಯಿತು ಕಥೆ ಅಂದುಕೊಂಡೆ.

ಬಾಗಿಲಲ್ಲಿ ಹುಡುಗಿ ತಂಬಿಗೆಯಲ್ಲಿ ನೀರು, ಸಾಬೂನು ಹಿಡಿದು ನಿಂತಿದ್ದಳು. ಯಾರೂ ಹೇಳಿರಲಿಲ್ಲ. "ಕೈ ತೊಳಕೋರಿ" ಅಂದಳು. ಆ ಧ್ವನಿ ಕೇಳಿದ ಮೇಲೆ ಈ ಕೆಲಸ ಕಾಯಂ ಆಗಲೇಬೇಕು ಅಂತ ಹಟ ಹುಟ್ಟಿತು ನೋಡ್ರಿ.

ಆಕೆಯ ಅಪ್ಪ ಕೇಳಿದರು: "ಇದ ಏನ್ರಿ ನಿಮ್ಮ ದೊಡ್ಡ ಕೆಲಸ?" "ಹೌದ್ರಿ." "ಕಾಯಂ ಐತೇನು?" "ಇನ್ನೂ ಎರಡ ತಿಂಗಳು ಐತ್ರಿ." ಅವರು ಮೀಸೆ ಸವರಿ, "ಕಾಯಂ ಆದಮ್ಯಾಲೆ ಮದವಿ, ಅಕ್ಕಿಕಾಳು. ಇಲ್ಲಾಂದ್ರ ನಿಮ್ಮ ದಾರಿ ನಿಮಗ, ನಮ್ಮ ದಾರಿ ನಮಗ" ಅಂದರು.

ಮೂಲೆಯಲ್ಲಿ ಕೂತಿದ್ದ ಹಲ್ಲಿಲ್ಲದ ಅಜ್ಜಿಗೆ ಇದು ಸರಿಬರಲಿಲ್ಲ. "ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಒಬ್ಬ ಗಂಡಸೂ ನೆಲಾ ಒರಸಿದ್ದು ನೋಡಿಲ್ಲ. ಈ ಹುಡುಗನ್ನ ಬಿಡಬ್ಯಾಡ್ರಿ. ಆಕಿಗೆ ಕೊಡೂದಿಲ್ಲಂದ್ರ ನನಗರ ಕೊಡ್ರಿ!"

ಲಿಂಬೆಹಣ್ಣು ಬಿದ್ದದ್ದು

ನಮ್ಮ ಕಾರಖಾನೆಯಲ್ಲಿ ಗೆರೆಯ ನಿಯಮವನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. "ದಾಟಬ್ಯಾಡ್ರೋ" ಅಂದರೆ "ನಾವೇನ್ ನೋಡಿಲ್ಲೇನ್ ರಕ್ತಾ?" ಅಂತ ತುಳಿದೇ ಹೋಗುವರು, ಅದೇ ಕಾಲಲ್ಲಿ ಹೋಗಿ ಬುತ್ತಿ ಬಿಚ್ಚುವರು. ಡಾಕ್ಟರು ಒದರಿ ಒದರಿ ಗಂಟಲು ಕಟ್ಟಿತ್ತು.

ಒಂದು ದಿನ ಜೋಯಿಡಾ ಕಡೆಯ ಆಳೊಬ್ಬನ ಬೆರಳಿಗೆ ಗರಗಸ ತಗಲಿತು. ಅವನನ್ನು ಡಾಕ್ಟರ ಹತ್ತಿರ ಕಳಿಸಿ, ನಾನು ಗರಗಸದ ಕೆಳಗಿನ ರಕ್ತಕ್ಕೆ ಹೊಟ್ಟು ಹಾಕಿ, ಸುತ್ತ ಸುಣ್ಣದ ಪುಡಿಯಿಂದ ಗೆರೆ ಎಳೆದೆ. ಬಗ್ಗಿ ಏಳುವಾಗ ಕಿಸೆಯಲ್ಲಿದ್ದ ಲಿಂಬೆಹಣ್ಣು ಜಾರಿ ಗೆರೆಯ ಮೇಲೆ ಕೂತಿತು. ನನಗೆ ಗೊತ್ತೇ ಆಗಲಿಲ್ಲ. ಔಷಧದ ನೀರು ತರಲು ಹೋದೆ.

ಬರುವಷ್ಟರಲ್ಲಿ ಗರಗಸ ಬಂದ್. ನೂರು ಜನ ಆಳು ಹತ್ತು ಮಾರು ದೂರ ನಿಂತಿದ್ದಾರೆ. ರಕ್ತ, ಬಿಳಿ ಗೆರೆ, ಲಿಂಬೆಹಣ್ಣು! ಮಾಟ ಅಲ್ಲದೆ ಮತ್ತೇನು? ಇಬ್ಬರು ಕಾಯಿ ತಂದು ಒಡೆದಿದ್ದರು. ಒಬ್ಬ ಮುಸಲ್ಮಾನ ಮಿಸ್ತ್ರಿ ಲೋಬಾನ ಹಾಕಿದ್ದ. ಕೊಂಕಣಿಯಲ್ಲಿ, ಕನ್ನಡದಲ್ಲಿ, ಉರ್ದುವಿನಲ್ಲಿ ದೇವರ ಹೆಸರೇ ಹೆಸರು. ಖಾಲಾ ನನ್ನ ಕಿವಿಯಲ್ಲಿ, "ಬಾಯಿ ಬಿಡಬ್ಯಾಡ ಬೇಟಾ. ಇವತ್ತು ಮೊದಲನೇ ಸಲ ಯಾರೂ ತುಳದಿಲ್ಲ" ಅಂದಳು.

ಮ್ಯಾನೇಜರು ಓಡಿ ಬಂದರು. ಕೆಂಡಾಮಂಡಲ. "ಯಾವನ್ದೋ ಈ ಲಿಂಬಿಹಣ್ಣು?" ನಾನು ಕೈ ಎತ್ತಿದೆ. "ನಾಳೆ ದೊಡ್ಡ ಡಾಕ್ಟರ ಸಾಹೇಬರಿಗೆ ಬರೀತೇನಿ. ದವಾಖಾನ್ಯಾಗ ಮಾಟಾ ಮಾಡೋ ಮನಶ್ಯಾ ನಮಗ ಬ್ಯಾಡ. ಅವರ ಬಂದು ನಿನ್ನ ರೈಲಿಗೆ ಹತ್ತಸ್ತಾರ!" ಅಂತ ಗುಡುಗಿದರು. ಆಮೇಲೆ ಆಳುಗಳಿಗೆ, "ಮೂರ್ಖರ್ಯಾ, ಇದೆಲ್ಲಾ ಸುಳ್ಳು! ನಡೀರಿ ಕೆಲಸಕ್ಕ!" ಅಂತ ಒದರುತ್ತಾ ತಮ್ಮ ಕೋಣೆಯತ್ತ ನಡೆದರು. ನಡೆಯುವ ದಾರಿಯಲ್ಲೇ ಗೆರೆ ಇತ್ತು. ಅಲ್ಲಿಗೆ ಬಂದಾಗ ಒಂದು ಗಳಿಗೆ ನಿಂತು, ಹೊಟ್ಟಿನ ಗುಡ್ಡೆಯನ್ನೆಲ್ಲಾ ಸುತ್ತು ಹಾಕಿಕೊಂಡು ಹೋದರು.

ಸಾಹೇಬರು ಬಂದದ್ದು

ಮ್ಯಾನೇಜರು ಬರೆದೇಬಿಟ್ಟರು. ನನ್ನ ಆರು ತಿಂಗಳು ತುಂಬುವ ವಾರವೇ ದೊಡ್ಡ ಡಾಕ್ಟರ ಸಾಹೇಬರು ತನಿಖೆಗೆ ಬರುತ್ತಾರೆ ಅಂತ ಸುದ್ದಿ ಬಂತು. ನೌಕರಿ ಹೋಗುವುದು ಅಷ್ಟೇ ಅಲ್ಲ, ತಂಬಿಗೆ ಸಾಬೂನು ಹಿಡಿದು ನಿಂತಾಕೆಯೂ ಹೋಗುತ್ತಾಳೆ. ನಾನು ಮೂರು ದಿನ ಊಟ ಬಿಟ್ಟೆ. ಖಾಲಾ ಮಾತ್ರ ಹೊಟ್ಟು ಸಾಣಿಸುತ್ತಾ, "ಅಲ್ಲಾ ದೊಡ್ಡಾಂವ. ನಿಮ್ಮ ಶಿವನೂ ಸಣ್ಣಾಂವೇನಲ್ಲ. ಇಬ್ಬರೂ ಕೂಡಿ ಒಂದೇನರ ಮಾಡ್ತಾರ" ಅಂದಳು.

ಪೆಟ್ರೋಲು ಸಿಗದ ದಿನಗಳು. ಇದ್ದಿಲು ಗ್ಯಾಸಿನ ಮೋಟಾರಿನಲ್ಲಿ, ಆ ಹೊಗೆ ಕುಡಿಯುತ್ತಾ, ಘಟ್ಟದ ತಿರುವುಗಳನ್ನೆಲ್ಲ ಹತ್ತಿ ಸಾಹೇಬರು ಬಂದರು. ಸಾಲದ್ದಕ್ಕೆ ನಡುವೆ ಹಳಿಯಾಳದಲ್ಲಿ ಯಾರೋ ಒತ್ತಾಯ ಮಾಡಿ ತುಪ್ಪ ಸುರಿದು ಹೋಳಿಗೆ ಬಡಿಸಿದ್ದರಂತೆ. ಜೊತೆಗೆ ಅವರ ಕಾರಕೂನ, ಡ್ರೈವರ್.

ದವಾಖಾನೆಯ ಪಡಸಾಲೆಯಲ್ಲಿ, ತಮ್ಮದೇ ನಿಯಮದ ಕಾಗದದ ಮುಂದೆ ನಿಂತು ಸಾಹೇಬರು ನನ್ನ ಕಡೆ ಬೆರಳು ಮಾಡಿದರು. "ನೀನಽ ಏನು ಲಿಂಬಿಹಣ್ಣಿನಾಂವ? ಸರಕಾರಿ ನಿಯಮದಾಗ ಎಲ್ಲೈತಿ ಲಿಂಬಿಹಣ್ಣು? ತೋರಸು! ಎಲ್ಲೈ..."

ಮಾತು ಅಲ್ಲಿಗೇ ನಿಂತಿತು. ಮುಖ ಬಿಳಿಚಿತು. ಹಳಿಯಾಳದ ಹೋಳಿಗೆ ಅಷ್ಟೂ ಅವರ ಬೂಟಿನ ಮೇಲೆ, ಪಡಸಾಲೆಯ ಮೇಲೆ ಬಂತು.

ಡಾಕ್ಟರು ಕಲ್ಲಾಗಿ ನಿಂತರು. ಕಾರಕೂನ ಎರಡು ಹೆಜ್ಜೆ ಹಿಂದೆ ಸರಿದ. ನನ್ನ ಕೈ ಮತ್ತೆ ನನ್ನ ಮಾತು ಕೇಳಲಿಲ್ಲ. ಲಿಂಬೆಹಣ್ಣು ಮೂಸಿದೆ, ಬುಟ್ಟಿ ಎತ್ತಿ ಹೊಟ್ಟು ಸುರಿದೆ. ಖಾಲಾ ಆಗಲೇ ಸುಣ್ಣದ ಡಬ್ಬಿ ಹಿಡಿದು ಸುತ್ತಲೂ ಗೆರೆ ಎಳೆದಾಗಿತ್ತು. ಗೆರೆ ಕೂಡಿದ ಮೇಲೆ ನೋಡಿದರೆ, ಸಾಹೇಬರು ಒಳಗೇ ಇದ್ದಾರೆ!

ಅವರು ಹೊರಗೆ ಬರಲು ಕಾಲೆತ್ತಿದರು. "ನಿಲ್ರಿ!" ಅಂತ ಒದರಿಬಿಟ್ಟೆ. "ದಾಟಬ್ಯಾಡ್ರಿ ಸಾಹೇಬರ. ಬೂಟಿಗೆ ಹತ್ತೇತ್ರಿ. ಊರತುಂಬ ಆಗ್ತೈತ್ರಿ." ಡಾಕ್ಟರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಕಾಲು ಹಾಗೇ ಹಿಡಿದು, "ಎಷ್ಟ ಹೊತ್ತು?" ಅಂದರು. "ಕಾಲು ತಾಸು ರೀ." "ಯಾವಾಂವ ಬರದಾನ ಕಾಲು ತಾಸು ಅಂತ?" ನಾನು ಗೋಡೆ ತೋರಿಸಿದೆ. "ತಾವಽ ರೀ."

ಸಾಹೇಬರು ತಮ್ಮ ಸಹಿಯನ್ನು ತಾವೇ ನೋಡಿಕೊಂಡು ಕಾಲು ಕೆಳಗಿಟ್ಟರು. "ಐದ ನಿಮಿಷ ಅಂತ ಬರದಿದ್ರ ನಂದೇನ್ ಗಂಟ ಹೋಗತಿತ್ತು" ಅಂದರು.

ಬಾಯಿ ತೊಳೆಯಲು ನೀರು ಬೇಡಿದರು. ಕಾರಕೂನ ತಂಬಿಗೆ ಹಿಡಿದು ಬಂದವ ಗೆರೆಯ ಹತ್ತಿರ ಗಕ್ಕನೆ ನಿಂತ. ಅವಸರದಲ್ಲಿ ನನ್ನ ಕೈಯ ಲಿಂಬೆಹಣ್ಣು ಮತ್ತೆ ಗೆರೆಯ ಮೇಲೆ ಕೂತುಬಿಟ್ಟಿತ್ತು. "ಸಾಹೇಬರ, ಮನ್ಯಾಗ ಸಣ್ಣ ಮಕ್ಕಳದಾರ್ರಿ" ಅಂತ ತಂಬಿಗೆ ಕೆಳಗಿಟ್ಟು ಕೈಮುಗಿದ. ಡ್ರೈವರ್‌ನನ್ನು ಕರೆದರೆ ಅವ ಮೋಟಾರಿನ ಹಿಂದೆ ಅಡಗಿದ್ದ. ಕೊನೆಗೆ ಖಾಲಾ ನೆಲ ಬಳಿಯುವ ಉದ್ದ ಕೋಲಿನಿಂದ ತಂಬಿಗೆಯನ್ನೂ, ಒಂದು ಸ್ಟೂಲನ್ನೂ ಒಳಗೆ ನೂಕಿದಳು.

ಅಷ್ಟರಲ್ಲಿ ನನ್ನನ್ನು ರೈಲಿಗೆ ಹತ್ತಿಸುವುದನ್ನು ನೋಡಲು ಮ್ಯಾನೇಜರು ಆಳುಗಳನ್ನು ಕಟ್ಟಿಕೊಂಡು ಬಂದರು. ನೋಡುತ್ತಾರೆ, ಬಿಳಿ ಗೆರೆಯ ನಡುವೆ, ಲಿಂಬೆಹಣ್ಣಿನ ಎದುರು, ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಸಾಹೇಬರು ಕೂತಿದ್ದಾರೆ. ಆಳುಗಳೆಲ್ಲ ಚಪ್ಪಲಿ ಬಿಟ್ಟು ಕೈಮುಗಿದರು. ಹಿಂದಿನಿಂದ ಒಬ್ಬ ಕಾಯಿ ಒಡೆದ.

ಆ ಸದ್ದಿಗೆ ಸಾಹೇಬರು ಕಣ್ಣು ಬಿಟ್ಟರು. ಒಂದು ಗಳಿಗೆ ಏನೂ ತಿಳಿಯಲಿಲ್ಲ ಅವರಿಗೆ. ತಿಳಿದ ಮೇಲೆ ನಗು ಶುರುವಾಯಿತು ನೋಡ್ರಿ, ಸ್ಟೂಲಿನಿಂದ ಬೀಳುವಷ್ಟು ನಕ್ಕರು. "ಇಡೀ ಜಿಲ್ಲಾದಾಗ ಈ ಕಾಗದಾ ಹಚ್ಚಿಸೇನಿ. ಒಬ್ಬರೂ ಗೆರಿ ದಾಟದ್ದು ಇಲ್ಲೊಂದಽ ಕಡೆ ನೋಡಿದ್ನಿ" ಅಂದರು.

ಕಾಲು ತಾಸು ಆದಮೇಲೆ ಅವರ ಬೂಟು ಔಷಧದ ನೀರಿನಲ್ಲಿ ಒರೆಸಿ ಹೊರಗೆ ಬಿಟ್ಟೆ, ನೆಲ ಬಳಿದೆ, ಸುಟ್ಟೆ, ಕೈ ತೊಳೆದೆ. "ಈಗ ಖರೇ ಹೇಳು. ಲಿಂಬಿಹಣ್ಣು ಯಾಕ?" ಅಂದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ರಕ್ತ ನೋಡಿದರೆ ಈಗಲೂ ಹೊಟ್ಟೆ ತೊಳೆಸುತ್ತದೆ, ಮೂಸಿದರೆ ತಡೆಯುತ್ತದೆ, ಖಾಲಾ ಕಲಿಸಿದಳು, ಈ ನೆಲದ ಕೆಲಸವೆಲ್ಲ ಆಕೆಯೇ ಕಲಿಸಿದಳು ಅಂದೆ. ಹೇಳುತ್ತಾ ಕಣ್ಣಲ್ಲಿ ನೀರು ಬಂತು.

ಸಾಹೇಬರು ಖಾಲಾನ ಕಡೆ ತಿರುಗಿ, "ಬಾಯಿ, ನನಗೊಂದು ಕೊಡ್ರಿ. ಇನ್ನ ಇಳಿಯೂ ಘಟ್ಟ ಬಾಕಿ ಐತಿ" ಅಂದರು. ಗೆರೆಯ ಮೇಲಿದ್ದದ್ದಕ್ಕೆ ಕೈ ಹಾಕಹೋದಾಗ ಖಾಲಾ ತಡೆದಳು. "ಅದು ಸುಡೂದ ಐತಿ ಸಾಹೇಬ. ಹೊಸಾದು ತಗೋರಿ." ಅಲ್ಲೇ ಕೂತು ನನ್ನ ಕಾಯಂ ಕಾಗದಕ್ಕೆ ಸಹಿ ಹಾಕಿದರು.

ಮೋಟಾರು ಮಾತ್ರ ಹೊರಡಲಿಲ್ಲ. ಸಾಹೇಬರ ಕೈಯಲ್ಲಿ ಲಿಂಬೆಹಣ್ಣು ನೋಡಿ ಡ್ರೈವರ್ ಇಳಿದುಬಿಟ್ಟ. "ಖಾಲಾ, ಗಾಡಿಗೂ ಒಂದು ಗೆರಿ ಹಾಕ್ರಿ, ಅಂದ್ರ ಹೊಡಿತೇನಿ" ಅಂತ ಗೋಗರೆದ. ಆಕೆ ಪುಣ್ಯಾತ್ಗಿತ್ತಿ, ಮೋಟಾರಿನ ಸುತ್ತ ಪೂರಾ ಗೆರೆ ಎಳೆದಳು. ಈಗ ಗೆರೆ ದಾಟುವುದು ಹೇಗೆ? ಡ್ರೈವರ್ ಚಕ್ರ ಹಿಡಿದು ಕೂತ. ಹಿಂದಿನಿಂದ ಸಾಹೇಬರು ಲಿಂಬೆಹಣ್ಣು ಮೂಸುತ್ತಾ ಗಡಿಯಾರ ನೋಡಿದರು. "ಗೊತ್ತೈತಿ, ಕಾಲು ತಾಸು."

ಅಕ್ಕಿಕಾಳು

ಕಾಯಂ ಕಾಗದ ನೋಡಿ ಮಾವನವರು ಕೊಟ್ಟ ಮಾತು ನಡೆಸಿದರು. ಮದುವೆಗೆ ಖಾಲಾ ಬಂದಳು. ಉಡುಗೊರೆ ಅಂತ ಹೊಸ ಅರಿವೆಯಲ್ಲಿ ಕಟ್ಟಿದ ಒಂದು ಬುಟ್ಟಿ ಸಾಣಿಸಿದ ಹೊಟ್ಟು. "ಮದವಿ ಮನಿ ಬೇಟಾ, ಬೇಕಾಗ್ತೈತಿ" ಅಂದಳು.

ಬೇಕೂ ಆಯಿತು. ನಾನು ಹಸೆಯ ಮೇಲೆ ಕೂತಿದ್ದಾಗ, ಎದುರಿಗೇ ಕಾಯಿ ಒಡೆಯುತ್ತಿದ್ದ ಸೋದರಮಾವನ ಕೈ ಕೊಯ್ದು ರಕ್ತ ಸೋರಿತು. ಖಾಲಾ ಹೊಟ್ಟು ಹಿಡಿದು ಓಡಿದಳು. ಹಸೆ ಬಿಟ್ಟು ಏಳುವ ಹಾಗಿಲ್ಲ, ಕಿಸೆಯಲ್ಲಿ ಲಿಂಬೆಹಣ್ಣಿಲ್ಲ, ಕಣ್ಣು ಕತ್ತಲೆ ಬರುತ್ತಿದೆ. ಆಗ ನೆನಪಾಯಿತು. ನಮ್ಮ ಕಡೆ ದೃಷ್ಟಿ ತಾಗದಿರಲಿ ಅಂತ ಮದುಮಗನ ಕೈಗೆ ಕಠಾರಿ ಕೊಡುತ್ತಾರಲ್ಲ, ಅದರ ತುದಿಗೆ ಲಿಂಬೆಹಣ್ಣು ಚುಚ್ಚಿರುತ್ತದೆ! ಕಠಾರಿ ಎತ್ತಿ ಮೂಗಿಗೆ ಹಿಡಿದೆ. ಮೂಸಿದೆ. ಮತ್ತೆ ಮೂಸಿದೆ. ಮೂರನೆಯ ಸಲಕ್ಕೆ ಹೊಟ್ಟೆ ನೆಟ್ಟಗಾಯಿತು. ಪಕ್ಕದಲ್ಲಿ ಮದುಮಗಳು ತಲೆ ಎತ್ತದೆ ಮೆಲ್ಲಗೆ, "ಆರಾಮ ಆತೇನ್ರಿ?" ಅಂದಳು. ಆಕೆಗೊಬ್ಬಳಿಗೇ ಗೊತ್ತಾಗಿತ್ತು.

ಉಳಿದವರಿಗೆ ಗೊತ್ತಾಗಲಿಲ್ಲ. ಮರುವರ್ಷ ನನ್ನ ಹೆಂಡತಿಯ ತಮ್ಮನ ಮದುವೆಯಲ್ಲಿ ಆತ ಹಸೆಯ ಮೇಲೆ ಕೂತವನೇ ಕಠಾರಿ ಎತ್ತಿ ಮೂರು ಸಲ ಲಿಂಬೆಹಣ್ಣು ಮೂಸಿದ. ಆಮೇಲೆ ಅವನ ತಮ್ಮನೂ ಮೂಸಿದ. ಖಾಲಾ ಇದ್ದಳು, ಬಿದ್ದು ಬಿದ್ದು ನಕ್ಕಳು. ಆಕೆ ಈಗಿಲ್ಲ, ಆ ಮನೆತನದಲ್ಲಿ ಮದುಮಕ್ಕಳು ಮೂಸುವುದು ಮಾತ್ರ ಇಂದಿಗೂ ನಡೆದಿದೆ. ಮೊನ್ನೆ ಒಂದು ಮದುವೆಯಲ್ಲಿ ಹೊಸ ಬೀಗರು, "ಇದೇನ್ರಿ ಪದ್ಧತಿ?" ಅಂತ ಕೇಳಿದರು. ನನ್ನ ಹೆಂಡತಿಯ ತಮ್ಮ ಬಹಳ ಗಂಭೀರವಾಗಿ, "ನಮ್ಮ ಹಿರಿಯರು ಮಾಡ್ಕೋತ ಬಂದದ್ದು ರೀ" ಅಂದ.

ಆ ಹಿರಿಯ ಪಕ್ಕದಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದ.